ಚೋಕ್ ತೆಗೆದರೆ ಬಂದ್ ಬೀಳುವ ಗಾಡಿ: ಕಾರ್ಬುರೇಟರ್ ಜೆಟ್ ತೊಳೆಯುವುದು, ಬದಲಿಸುವುದು

ಮಳೆಗಾಲ ಮುಗಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಿಗೆ ಬರುವ ಹಳೇ ಬೈಕುಗಳ ದೂರು ಹೆಚ್ಚುಕಡಿಮೆ ಒಂದೇ: "ಚೋಕ್ ಮ್ಯಾಲ ಚಾಲೂ ಆಗ್ತೈತ್ರಿ, ಚೋಕ್ ತಗದ್ರ ಬಂದ್ ಬೀಳ್ತೈತಿ." ಕೆಲಸ ಬಲ್ಲವರಿಗೆ ಇಷ್ಟು ಸಾಕು, ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಸ್ಲೋ ಜೆಟ್, ಅಂದರೆ ಎಂಜಿನ್ ನಿಧಾನಕ್ಕೆ ಓಡುವಾಗ ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿಕೊಂಡಿದೆ. ಚೋಕ್ ಎಳೆದಾಗ ಸಿಗುವ ಹೆಚ್ಚುವರಿ ಪೆಟ್ರೋಲಿನ ಮೇಲೆ ಎಂಜಿನ್ ಹೇಗೋ ಓಡುತ್ತದೆ. ಚೋಕ್ ಬಿಟ್ಟ ಕೂಡಲೇ ಕಟ್ಟಿದ ಜೆಟ್ಟು ಕೊಟ್ಟಷ್ಟರಲ್ಲೇ ಬದುಕಬೇಕು, ಅದು ಸಾಲುವುದಿಲ್ಲ.

ಆದರೆ ಇಂಥ ಗಾಡಿಗೆ ಬಹಳ ಸಲ ಆಗುವುದೇ ಬೇರೆ. ಅಂಗಡಿಯಿಂದ ಇಡೀ ರಿಪೇರಿ ಕಿಟ್ ತಂದು, ಇದ್ದ ಕಂಪನಿ ಜೆಟ್‌ಗಳನ್ನೆಲ್ಲ ಎಸೆದು, ಹೊಸವನ್ನು ಕೂರಿಸುತ್ತಾರೆ. ಗಾಡಿ ಚಾಲೂ ಆಗುತ್ತದೆ, ಮೈಲೇಜ್ ಮಾತ್ರ ಮೊದಲಿನಂತೆ ಬರುವುದಿಲ್ಲ. ಹಿತ್ತಾಳೆಯ ಜೆಟ್ ಸುಮ್ಮನೆ ಸವೆಯುವ ವಸ್ತುವಲ್ಲ. ಅದರೊಳಗೆ ಹರಿಯುವುದು ಪೆಟ್ರೋಲು ಅಷ್ಟೆ, ಉಜ್ಜುವಂಥದ್ದು ಏನೂ ಇಲ್ಲ. ಹತ್ತರಲ್ಲಿ ಒಂಬತ್ತು ಗಾಡಿಗೆ ಬೇಕಿರುವುದು ತೊಳೆಯುವ ಕೆಲಸ, ಬದಲಿಸುವುದಲ್ಲ. ಬದಲಿಸಬೇಕಾದ ಗಾಡಿಗಳೂ ಇವೆ. ಅವಕ್ಕೆ ಕಾರಣ ಬೇರೆ, ಲೆಕ್ಕ ಬೇರೆ.

2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣ ನಿಯಮ ಬಂದ ಮೇಲೆ ಹೊಸ ಬೈಕು-ಸ್ಕೂಟರುಗಳಲ್ಲಿ ಬಹುತೇಕ ಎಲ್ಲವೂ ಕಾರ್ಬುರೇಟರ್ ಬಿಟ್ಟು ಫ್ಯೂಯೆಲ್ ಇಂಜೆಕ್ಷನ್‌ಗೆ ಹೋದವು. ಇಲ್ಲಿನ ಮಾತು ಅದಕ್ಕೂ ಹಿಂದಿನ ಸ್ಪ್ಲೆಂಡರ್, ಪಲ್ಸರ್, ಆಕ್ಟಿವಾ, ಬುಲೆಟ್, ಎಕ್ಸ್‌ಎಲ್‌ಗಳದ್ದು.

ಯಾವ ಜೆಟ್ಟಿಗೆ ಯಾವ ಕೆಲಸ

ಕಾರ್ಬುರೇಟರ್ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೋ ಹಾಗೆಯೇ ಇಲ್ಲಿ ಫ್ಲೋಟ್: ಪೆಟ್ರೋಲು ಏರಿದರೆ ಅದು ಮೇಲೆದ್ದು ಸೂಜಿಯಿಂದ ದಾರಿ ಮುಚ್ಚುತ್ತದೆ, ಇಳಿದರೆ ಬಿಡುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಕಾರ್ಬುರೇಟರಿನ ಕಿರಿದಾದ ಗಂಟಲಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಬಟ್ಟಲಿನಲ್ಲಿ ಮಾತ್ರ ಹೊರಗಿನ ಗಾಳಿಯ ಒತ್ತಡವೇ ಇರುತ್ತದೆ. ಈ ವ್ಯತ್ಯಾಸ ಪೆಟ್ರೋಲನ್ನು ಜೆಟ್ ಮೂಲಕ ಮೇಲೆ ತಳ್ಳುತ್ತದೆ. ಎಷ್ಟು ಪೆಟ್ರೋಲು ಎನ್ನುವುದನ್ನು ನಿರ್ಧರಿಸುವುದು ಜೆಟ್ಟಿನ ತೂತಿನ ಅಳತೆ.

ಒಂದೇ ತೂತು ಎಲ್ಲ ವೇಗಕ್ಕೂ ಸಾಲದು, ಅದಕ್ಕೆ ಕೆಲಸ ಹಂಚಿದ್ದಾರೆ. ಎಕ್ಸಲರೇಟರ್ ಬಿಟ್ಟಿದ್ದಾಗಿನಿಂದ ಸುಮಾರು ಕಾಲು ಭಾಗ ತೆರೆಯುವವರೆಗೆ ಸ್ಲೋ ಜೆಟ್ ಮತ್ತು ಪೆಟ್ರೋಲು-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ. ಕಾಲಿನಿಂದ ಮುಕ್ಕಾಲಿನವರೆಗೆ ಗಂಟಲಿನಲ್ಲಿ ಮೇಲೆ-ಕೆಳಗೆ ಸರಿಯುವ ಸ್ಲೈಡಿಗೆ ಸಿಕ್ಕಿಸಿದ ಉದ್ದ ಸೂಜಿ ಮತ್ತು ಅದು ಇಳಿಯುವ ಹಿತ್ತಾಳೆ ಕೊಳವೆ. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಇವುಗಳ ನಡುವೆ ಗಡಿ ಗೆರೆಯೇನಿಲ್ಲ, ಒಂದರ ಕೆಲಸ ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ಕಿಲೋಮೀಟರ್ ವೇಗವಲ್ಲ, ಎಕ್ಸಲರೇಟರ್ ಎಷ್ಟು ತಿರುಗಿದೆ ಎನ್ನುವುದು. ಉಣಕಲ್ ಕೆರೆ ದಾಟಿ ಏರು ಹತ್ತುವಾಗ 40ರ ವೇಗದಲ್ಲೂ ಎಕ್ಸಲರೇಟರ್ ಮುಕ್ಕಾಲು ತೆರೆದಿರಬಹುದು. ಸಪಾಟು ರಸ್ತೆಯಲ್ಲಿ ಅದೇ 40ಕ್ಕೆ ಕಾಲು ಭಾಗವೂ ಬೇಡ. ಹ್ಯಾಂಡಲ್ ಹಿಡಿಕೆಗೆ ಬಿಳಿ ಟೇಪ್ ಸುತ್ತಿ, ಪೂರ್ತಿ ಮುಚ್ಚಿದ್ದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಪೆನ್ನಿನಿಂದ ಗುರುತು ಹಾಕಿ, ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಒಂದು ಗೆರೆ ಎಳೆಯಿರಿ. ಗಾಡಿ ಯಾವ ಗುರುತಿನಲ್ಲಿ ಮಿಸ್ ಹೊಡೆಯುತ್ತದೆ ಎಂದು ಓಡಿಸಿ ನೋಡಿದರೆ ಯಾವ ಜೆಟ್ ಬಿಚ್ಚಬೇಕು ಎನ್ನುವುದು ಅಲ್ಲೇ ತಿಳಿಯುತ್ತದೆ. ಐದು ನಿಮಿಷದ ಈ ಕೆಲಸವನ್ನು ಮಾಡುವವರು ಕಡಿಮೆ.

ಸ್ಲೋ ಜೆಟ್ಟೇ ಯಾಕೆ ಮೊದಲು ಕಟ್ಟುತ್ತದೆ

100-125 ಸಿಸಿ ಗಾಡಿಗಳಲ್ಲಿ ಸ್ಲೋ ಜೆಟ್ಟಿನ ತೂತು ಸುಮಾರು 0.35ರಿಂದ 0.40 ಮಿ.ಮೀ. ಮೇನ್ ಜೆಟ್ ಅದರ ಎರಡು-ಮೂರು ಪಟ್ಟು ಅಗಲ. ಹೀಗಾಗಿ ಬಟ್ಟಲಿಗೆ ಏನೇ ಕಸ ಬಂದರೂ ಮೊದಲ ಏಟು ಸ್ಲೋ ಜೆಟ್ಟಿಗೆ.

ನಿಂತ ಗಾಡಿಯಲ್ಲಿ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಕಂದು ಬಣ್ಣದ ಅಂಟಾಗಿ ತೂತಿನೊಳಗೆ ಒಣಗುತ್ತದೆ. ವಾರಗಟ್ಟಲೆ ನಿಂತ ಗಾಡಿಗೆ ಇಷ್ಟೇ ಸಾಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದರೆ ಎಥನಾಲ್ ಸಮೇತ ಪೆಟ್ರೋಲಿನಿಂದ ಬೇರ್ಪಟ್ಟು ಬಟ್ಟಲಿನ ತಳಕ್ಕೆ ಇಳಿಯುತ್ತದೆ, ಅಲ್ಲಿ ಲೋಹ ತಿಂದು ಬಿಳಿ ಪುಡಿ ಎಬ್ಬಿಸುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊರಗೆ ನಿಲ್ಲುವ ಗಾಡಿಗೆ, ಟ್ಯಾಂಕಿನ ಮುಚ್ಚಳದ ರಬ್ಬರ್ ಹಳತಾಗಿದ್ದರೆ, ನೇರವಾಗಿಯೇ ನೀರು ಇಳಿಯುತ್ತದೆ. ಗದಗ, ನವಲಗುಂದ ಕಡೆಯ ಗಾಡಿಗಳ ಕಥೆ ಧೂಳಿನದ್ದು. ಎರೆಮಣ್ಣಿನ ಧೂಳು ಬಹಳ ಸಣ್ಣದು; ಏರ್ ಫಿಲ್ಟರ್ ಹರಿದಿದ್ದರೆ ಅಥವಾ ಬಾಕ್ಸಿನ ರಬ್ಬರ್ ಸರಿಯಾಗಿ ಕೂತಿರದಿದ್ದರೆ ಕಾರ್ಬುರೇಟರಿನ ಬಾಯಲ್ಲಿರುವ ಗಾಳಿ ತೂತುಗಳನ್ನು ಮುಚ್ಚುತ್ತದೆ. ಪೆಟ್ರೋಲಿನ ಜೆಟ್ ಎಷ್ಟೇ ತೊಳೆದರೂ ಈ ಗಾಳಿ ತೂತು ತೊಳೆಯದಿದ್ದರೆ ಗಾಡಿ ರಿಚ್ ಆಗಿಯೇ, ಅಂದರೆ ಪೆಟ್ರೋಲು ಹೆಚ್ಚು ಕುಡಿದೇ ಓಡುತ್ತದೆ.

ಬಿಚ್ಚುವುದು

ಗಾಳಿಯಾಡುವ ಜಾಗದಲ್ಲಿ, ಎಂಜಿನ್ ತಣ್ಣಗಿದ್ದಾಗ ಕೆಲಸ ಹಿಡಿಯಿರಿ, ಬೀಡಿ-ಸಿಗರೇಟ್ ದೂರ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿಕೊಳ್ಳಿ. ಇದನ್ನು ಚೆಲ್ಲಬೇಡಿ, ಎರಡು ನಿಮಿಷ ನಿಲ್ಲಲು ಬಿಟ್ಟು ನೋಡಿ. ತಳದಲ್ಲಿ ಗುಂಡಗೆ ಉರುಳುವ ಹನಿ ಕಂಡರೆ ನೀರು. ಕೆಂಪು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ತುಕ್ಕಿದ್ದರೆ ಕಾರ್ಬುರೇಟರ್ ತೊಳೆದು ಪ್ರಯೋಜನ ಹದಿನೈದು ದಿನಕ್ಕಷ್ಟೇ. ಟ್ಯಾಂಕ್ ಮತ್ತು ಕಾಕ್ ಒಳಗಿನ ಜಾಲರಿ ಮೊದಲು ತೊಳೆಯಬೇಕು.

ಕಾರ್ಬುರೇಟರಿನ ಹೊರಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬ್ರಶ್ಶಿನಿಂದ ಮೊದಲೇ ಸ್ವಚ್ಛ ಮಾಡಿ, ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಹೊರಗಿನ ಮಣ್ಣೇ ಒಳಗೆ ಬೀಳುತ್ತದೆ. ಬಟ್ಟಲಿನ ಸ್ಕ್ರೂಗಳು ಮೆತ್ತಗಿನ ಲೋಹದವು. ಸವೆದ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಹಾಳು. ತಲೆಗೆ ಸರಿಯಾಗಿ ಕೂರುವ ಡ್ರೈವರ್ ಇಟ್ಟು, ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಹಾಕಿ. ಬಿಗಿಯಾಗಿದ್ದರೆ ಹಿಡಿಕೆಗೆ ಸುತ್ತಿಗೆಯಿಂದ ಸಣ್ಣದೊಂದು ಏಟು ಕೊಟ್ಟರೆ ಸಡಿಲಾಗುತ್ತದೆ.

ಫ್ಲೋಟ್ ಹಿಡಿದಿರುವ ಪಿನ್ನನ್ನು ನಿಧಾನಕ್ಕೆ ಒಂದು ಕಡೆ ತಳ್ಳಿ ತೆಗೆಯಬೇಕು. ಪಿನ್ ಕೂತಿರುವ ಎರಡು ಕಂಬಗಳು ಎರಕದವು, ಬಡಿದರೆ ಮುರಿಯುತ್ತವೆ. ಮುರಿದರೆ ಹೊಸ ಕಾರ್ಬುರೇಟರೇ ಗತಿ. ಫ್ಲೋಟ್ ಎತ್ತಿದೊಡನೆ ಅದಕ್ಕೆ ಜೋತುಬಿದ್ದ ಚಿಕ್ಕ ಸೂಜಿ ಜಾರಿ ಬೀಳುತ್ತದೆ, ಕೆಳಗೆ ಬಟ್ಟೆ ಹಾಸಿಕೊಂಡಿರಿ.

ಜೆಟ್ಟಿನ ಸೀಳಿಗೆ ಅಗಲಕ್ಕೂ ದಪ್ಪಕ್ಕೂ ತುಂಬಿ ಕೂರುವ ಚಪ್ಪಟೆ ಸ್ಕ್ರೂಡ್ರೈವರ್ ಬೇಕು. ಮೇನ್ ಜೆಟ್ ಬಿಚ್ಚುವಾಗ ಅದರ ಹಿಂದಿನ ಹೋಲ್ಡರನ್ನು ಪಾನಾದಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಸ್ಲೋ ಜೆಟ್ ಸಾಮಾನ್ಯವಾಗಿ ಪಕ್ಕದ ಆಳವಾದ ತೂತಿನೊಳಗೆ ಇರುತ್ತದೆ. ಕೆಲವು ಕಾರ್ಬುರೇಟರುಗಳಲ್ಲಿ ಅದನ್ನು ಒತ್ತಿ ಕೂರಿಸಿರುತ್ತಾರೆ, ಸೀಳೇ ಇರುವುದಿಲ್ಲ. ಅಂಥದ್ದನ್ನು ಕೀಳಲು ಹೋಗಬೇಡಿ, ಇದ್ದಲ್ಲೇ ತೊಳೆಯಿರಿ.

ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಕ್ಕೆ ತಿರುಗಿಸುತ್ತ ಹೋಗಿ ಮೆತ್ತಗೆ ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತು ಎಂದು ಎಣಿಸಿ ಬರೆದಿಡಿ. ಒಂದೂವರೆ, ಎರಡೂಕಾಲು, ಏನೇ ಇರಲಿ, ಅದೇ ನಿಮ್ಮ ವಾಪಸ್ ದಾರಿ. ತಳಕ್ಕೆ ಬಿಗಿ ಮಾಡಿದರೆ ಸ್ಕ್ರೂವಿನ ಚೂಪು ತುದಿಗೆ ಉಂಗುರದಂಥ ಗುರುತು ಬಿದ್ದು ಮುಂದೆ ಸ್ಲೋ, ಅಂದರೆ ಎಕ್ಸಲರೇಟರ್ ಬಿಟ್ಟಾಗಿನ ಓಟ, ಎಂದಿಗೂ ಸಮನಾಗಿ ನಿಲ್ಲುವುದಿಲ್ಲ. ಸ್ಕ್ರೂ ಜೊತೆ ಸ್ಪ್ರಿಂಗ್ ಹೊರಬರುತ್ತದೆ, ಆದರೆ ಅದರ ಕೆಳಗಿನ ಸಣ್ಣ ವಾಶರ್ ಮತ್ತು ಓ ರಿಂಗ್ ಹಲವು ಸಲ ತೂತಿನೊಳಗೇ ಉಳಿದಿರುತ್ತವೆ. ಟಾರ್ಚ್ ಬಿಟ್ಟು ನೋಡಿ, ತುದಿ ಬಾಗಿಸಿದ ತಂತಿಯಿಂದ ತೆಗೆಯಿರಿ. ಇದನ್ನು ಮರೆತು ಏರ್ ಹೊಡೆದರೆ ಓ ರಿಂಗ್ ಎಲ್ಲಿಗೆ ಹಾರಿತು ಎಂದು ಹುಡುಕುವುದೇ ಕೆಲಸವಾಗುತ್ತದೆ. ಅದಿಲ್ಲದೆ ಜೋಡಿಸಿದರೆ ಅಲ್ಲಿಂದ ಗಾಳಿ ಎಳೆಯುತ್ತದೆ.

ತೊಳೆಯುವುದು

ಕಾರ್ಬ್ ಕ್ಲೀನರ್ ಸ್ಪ್ರೇ ರಬ್ಬರಿಗೆ ಶತ್ರು. ಓ ರಿಂಗ್, ರಬ್ಬರ್ ತುದಿಯ ಫ್ಲೋಟ್ ಸೂಜಿ, ಪಲ್ಸರ್-ಆಕ್ಟಿವಾದಂಥ ಗಾಡಿಗಳ ಸಿವಿ ಕಾರ್ಬುರೇಟರಿನ (ಗಾಳಿಯ ಎಳೆತಕ್ಕೆ ಸ್ಲೈಡ್ ಏಳುವಂಥದ್ದು) ತೆಳು ರಬ್ಬರ್ ಪೊರೆ ಡಯಾಫ್ರಮ್, ಎಲ್ಲವನ್ನೂ ಬೇರೆ ಇಟ್ಟ ಮೇಲೆಯೇ ಸ್ಪ್ರೇ. ಡಯಾಫ್ರಮ್ ಉಬ್ಬಿಕೊಂಡರೆ ಮತ್ತೆ ತನ್ನ ಜಾಗದಲ್ಲಿ ಕೂರುವುದಿಲ್ಲ. ಅದನ್ನು ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತೇನಾದರೂ ಇದೆಯೇ ಎಂದು ಈಗಲೇ ನೋಡಿಬಿಡಿ.

ಜೆಟ್‌ಗಳನ್ನು ಕ್ಲೀನರಿನಲ್ಲಿ ಅರ್ಧ ಗಂಟೆ ನೆನೆಸಿ. ಆಮೇಲೆ ಪಂಚರ್ ಅಂಗಡಿಯ ಕಂಪ್ರೆಸರಿನಿಂದ 40ರಿಂದ 60 ಪಿಎಸ್‌ಐ ಗಾಳಿ, ಪೆಟ್ರೋಲು ಹರಿಯುವ ದಿಕ್ಕಿಗೆ ಎದುರಾಗಿ. ಹರಿವಿನ ದಿಕ್ಕಿನಲ್ಲೇ ಊದಿದರೆ ಕಸ ಇನ್ನಷ್ಟು ಒಳಗೆ ಸಿಕ್ಕಿಕೊಳ್ಳುತ್ತದೆ. ಕಾರ್ಬುರೇಟರ್ ಜೋಡಿಸಿದ್ದಾಗ ಪೆಟ್ರೋಲ್ ಪೈಪಿಗೇ ಕಂಪ್ರೆಸರ್ ಹಿಡಿಯುವ ರೂಢಿಯೂ ಇದೆ. ಟೊಳ್ಳು ಫ್ಲೋಟ್ ಚಪ್ಪಟೆಯಾಗಲು ಅಷ್ಟೇ ಸಾಕು.

ಜೆಟ್ ಹಾಳಾಗುವುದು ಹೆಚ್ಚಾಗಿ ತಂತಿಯಿಂದ. ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆ ತೆಗೆದು ತೂತಿಗೆ ಚುಚ್ಚಿ ತಿರುವುವುದನ್ನು ಎಲ್ಲ ಕಡೆ ನೋಡಬಹುದು. ಹಿತ್ತಾಳೆ ಉಕ್ಕಿಗಿಂತ ಬಹಳ ಮೆತ್ತಗೆ. 0.35 ಮಿ.ಮೀ. ತೂತು ಉಜ್ಜಿ 0.40 ಆಯಿತು ಎನ್ನಿ, ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ತೂತಿನ ವಿಸ್ತೀರ್ಣ ಶೇಕಡಾ 30ರಷ್ಟು ಹೆಚ್ಚಾಯಿತು. ಅಳತೆ ಹೆಚ್ಚಿದಂತೆ ವಿಸ್ತೀರ್ಣ ಅದರ ವರ್ಗದಂತೆ ಬೆಳೆಯುತ್ತದೆ, ಆಟ ಅಲ್ಲಿದೆ. "ಕಾರ್ಬುರೇಟರ್ ತೊಳಸಿದ ಮ್ಯಾಲ ಆವರೇಜ್ ಬಿತ್ತು" ಎನ್ನುವವರ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ನೆನೆಸಿ ಊದಿದ ಮೇಲೂ ಬಿಡದಿದ್ದರೆ ಇಡೀ ರಾತ್ರಿ ನೆನೆಸಿ. ಅದಕ್ಕೂ ಬಗ್ಗದಿದ್ದರೆ ಬ್ರಶ್ಶಿನ ನೈಲಾನ್ ಎಳೆ, ಇಲ್ಲವೇ ತೂತಿಗಿಂತ ತೆಳುವಾದ ತಾಮ್ರದ ವೈರಿನ ಒಂದೇ ಎಳೆ, ತಿರುವದೆ, ನೇರವಾಗಿ.

ತೊಳೆದ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ಪೂರ್ತಿ ದುಂಡಗೆ, ಅಂಚು ಚೂಪಾಗಿ ಕಾಣಬೇಕು. ಅಂಚಿನಲ್ಲಿ ಕಂದು ಉಂಗುರ ಉಳಿದಿದ್ದರೆ ತೊಳೆದದ್ದು ಸಾಲದು. ಸ್ಲೋ ಜೆಟ್ಟಿನ ಪಕ್ಕಗಳಲ್ಲೂ ಸಣ್ಣ ತೂತುಗಳಿರುತ್ತವೆ, ಪೆಟ್ರೋಲಿನ ಜೊತೆ ಗಾಳಿ ಬೆರೆಯುವುದು ಅಲ್ಲಿ, ಅವನ್ನೂ ನೋಡಿ. ಕೊನೆಗೆ ಕಾರ್ಬುರೇಟರ್ ಮೈಯೊಳಗಿನ ದಾರಿಗಳು: ಸ್ಲೋ ಜೆಟ್ ಕೂರುವ ತೂತಿಗೆ ಸ್ಪ್ರೇ ಬಿಟ್ಟರೆ ಗಂಟಲಿನ ಸಣ್ಣ ತೂತುಗಳಿಂದಲೂ, ಮಿಕ್ಸ್ಚರ್ ಸ್ಕ್ರೂ ತೂತಿನಿಂದಲೂ ಧಾರೆ ಹೊರಬರಬೇಕು. ಒಂದನ್ನು ಬೆರಳಿನಿಂದ ಮುಚ್ಚಿ ಇನ್ನೊಂದನ್ನು ಪರೀಕ್ಷಿಸಿ. ಸ್ಪ್ರೇ ಎಲ್ಲಿಂದ ಮುಖಕ್ಕೆ ಚಿಮ್ಮುತ್ತದೆ ಎಂದು ಹೇಳಲಾಗದು, ಕನ್ನಡಕ ಹಾಕಿಕೊಳ್ಳಿ.

ಜೋಡಿಸಿ ಹೊಂದಿಸುವುದು

ಜೆಟ್‌ಗಳಿಗೆ ಬೆರಳಿನ ಬಲ ಸಾಕು. ಸ್ಕ್ರೂಡ್ರೈವರನ್ನು ಅಂಗೈಯಿಂದಲ್ಲ, ಎರಡು ಬೆರಳಿನಿಂದ ಹಿಡಿದು ಬಿಗಿ ಮಾಡಿ. ಫ್ಲೋಟ್ ಸೂಜಿಯ ತುದಿಯಲ್ಲಿ ಉಂಗುರದಂತೆ ತಗ್ಗು ಬಿದ್ದಿದ್ದರೆ ಅದನ್ನು ಬದಲಿಸಲೇಬೇಕು, ಇಲ್ಲವಾದರೆ ಓವರ್‌ಫ್ಲೋ ತಪ್ಪದು. ಅದು ಕೂರುವ ಸೀಟನ್ನು ಇಯರ್ ಬಡ್ಡಿನಿಂದ ಒರೆಸಿ. ಹಳೇ ಬಟ್ಟಲಿನ ರಬ್ಬರ್ ರಿಂಗ್ ಉಬ್ಬಿ ತೋಡಿನಲ್ಲಿ ಕೂರದೆ ಕಾಡುವುದು ಮಾಮೂಲು. ಒಂದು ದಿನ ಗಾಳಿಗೆ ಒಣಗಲು ಬಿಟ್ಟರೆ ಸ್ವಲ್ಪ ಕುಗ್ಗುತ್ತದೆ, ಆದರೆ ಹೊಸದು ಹಾಕುವುದೇ ವಾಸಿ.

ಫ್ಲೋಟ್ ಎತ್ತರ ಪ್ರತಿ ಮಾದರಿಗೂ ಬೇರೆ, ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಜೋಡಿಸಿದ ಮೇಲೆ ಮಟ್ಟ ನೋಡಲು ಡ್ರೇನ್ ನಳಿಕೆಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಬಟ್ಟಲಿನ ಪಕ್ಕಕ್ಕೆ ನೇರ ಮೇಲೆತ್ತಿ ಹಿಡಿದು, ಡ್ರೇನ್ ಸ್ಕ್ರೂ ಸಡಿಲಿಸಿ. ಪೈಪಿನಲ್ಲಿ ಪೆಟ್ರೋಲು ನಿಂತ ಮಟ್ಟವೇ ಬಟ್ಟಲಿನೊಳಗಿನ ಮಟ್ಟ. ಅದು ಬಟ್ಟಲು ಕೂಡುವ ಗೆರೆಯ ಮೇಲೆ ಏರುತ್ತಲೇ ಹೋದರೆ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ ಎಂದರ್ಥ.

ಮಿಕ್ಸ್ಚರ್ ಹೊಂದಿಸುವಲ್ಲಿ ಪಳಗಿದವರೂ ಎಡವುವ ಒಂದು ಜಾಗವಿದೆ. ಸ್ಕ್ರೂ ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ; ಒಳಕ್ಕೆ ತಿರುಗಿಸಿದರೆ ರಿಚ್. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನ ಮಿಶ್ರಣವನ್ನು ನಿಯಂತ್ರಿಸುತ್ತದೆ. ಹೊರಕ್ಕೆ ತಿರುಗಿಸಿದರೆ ರಿಚ್. ಎರಡೂ ಪೂರ್ತಿ ಉಲ್ಟಾ. ಗಾಡಿಯನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಬರೆದಿಟ್ಟ ಸುತ್ತಿನಿಂದ ಶುರುಮಾಡಿ, ಕಾಲು ಸುತ್ತಿನಂತೆ ತಿರುಗಿಸುತ್ತ, ಪ್ರತಿ ಸಲ ಹತ್ತು ಸೆಕೆಂಡ್ ಕಾಯುತ್ತ, ಎಂಜಿನ್ ಎಲ್ಲಿ ಅತಿ ಜೋರಾಗಿ, ಸಮನಾಗಿ ಓಡುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಸ್ಲೋ ಸ್ಕ್ರೂ ಇಳಿಸಿ. ಸಣ್ಣ ಬೈಕುಗಳಿಗೆ 1,400 ಆರ್‌ಪಿಎಂ ಆಸುಪಾಸು ಸರಿ.

ಬದಲಿಸುವ ಲೆಕ್ಕ

ಜೆಟ್ ಬದಲಿಸಲು ಸಕಾರಣಗಳು ಕೆಲವೇ: ತಂತಿ ಚುಚ್ಚಿ ಹಾಳಾದದ್ದು, ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ಬದಲಿಸಿ ಗಾಳಿಯ ಹರಿವು ಹೆಚ್ಚಾದದ್ದು, ಬೋರ್ ದೊಡ್ಡದು ಮಾಡಿದ್ದು, ಇಂಧನವೇ ಬೇರೆಯಾದದ್ದು.

ಜೆಟ್ ಮೇಲಿನ ಅಂಕಿಯನ್ನು ಓದುವಾಗ ಎಚ್ಚರ. ಕೀಹಿನ್, ಮಿಕುನಿ ಎರಡೂ ಕಾರ್ಬುರೇಟರ್ ಕಂಪನಿಗಳು. ಕೀಹಿನ್ ಮೇನ್ ಜೆಟ್ಟಿನ ಅಂಕಿ ತೂತಿನ ವ್ಯಾಸ: 100 ಎಂದರೆ 1.00 ಮಿ.ಮೀ. ಮಿಕುನಿಯ ಆರು ಮೂಲೆಯ ಮೇನ್ ಜೆಟ್ಟಿನ ಅಂಕಿ ಹೇಳುವುದು ಹರಿವನ್ನು, ಅಂದರೆ ನಿಮಿಷಕ್ಕೆ ಎಷ್ಟು ಸಿಸಿ ಹಾದುಹೋಗುತ್ತದೆ ಎನ್ನುವುದನ್ನು. ಹಾಗಾಗಿ ಒಂದರ 100 ಇನ್ನೊಂದರ 100 ಅಲ್ಲ. ಅಗ್ಗದ ಹೆಸರಿಲ್ಲದ ಕಿಟ್‌ಗಳಲ್ಲಿ ಅಂಕಿ ಒಂದು, ತೂತು ಇನ್ನೊಂದು ಆಗಿರುವುದುಂಟು. ಬಿಚ್ಚಿದ ಕಂಪನಿ ಜೆಟ್ಟನ್ನು, ಚೆನ್ನಾಗಿದ್ದರೆ, ಎಸೆಯಬೇಡಿ.

ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ಗಾಬರಿ ಹೆಚ್ಚಿದೆ, ಲೆಕ್ಕ ಹಾಕಿದವರು ಕಡಿಮೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 1 ಪಾಲಿಗೆ ಗಾಳಿ 14.7 ಪಾಲು ಬೇಕು, ಎಥನಾಲಿಗೆ 9 ಸಾಕು. ಶೇಕಡಾ 10 ಎಥನಾಲಿನ ಮಿಶ್ರಣಕ್ಕೆ ಇದು ಸುಮಾರು 14.1, ಶೇಕಡಾ 20ಕ್ಕೆ ಸುಮಾರು 13.5. ಅಂದರೆ ಹಳೇ ಜೆಟ್ಟಿನಲ್ಲೇ ಇ10 ಬದಲು ಇ20 ಹಾಕಿದರೆ ಗಾಡಿ ಶೇಕಡಾ 4ರಷ್ಟು ಲೀನ್, ಪೆಟ್ರೋಲು ಅಷ್ಟು ಕಡಿಮೆ ಬಿದ್ದಂತೆ. ಕೀಹಿನ್ ಜೆಟ್ಟಿನಲ್ಲಿ 100ರಿಂದ 102.5ಕ್ಕೆ ಹೋದರೆ ವಿಸ್ತೀರ್ಣ ಶೇಕಡಾ 5 ಹೆಚ್ಚುತ್ತದೆ. ಒಂದೇ ಮೆಟ್ಟಿಲಿನ ಮಾತು ಇದು. ಮೊದಲು ಮಿಕ್ಸ್ಚರ್ ಸ್ಕ್ರೂವನ್ನು ಕಾಲು-ಅರ್ಧ ಸುತ್ತು ರಿಚ್ ಕಡೆ ತಿರುಗಿಸಿ ನೋಡಿ. ಎಕ್ಸಲರೇಟರ್ ಪೂರ್ತಿ ತೆರೆದಾಗ ಎಳೆತ ಕುಂದಿದ್ದರೆ ಮಾತ್ರ ಮೇನ್ ಜೆಟ್ ಒಂದು ಅಳತೆ ಏರಿಸಿ. ಹಳೇ ಗಾಡಿಯಲ್ಲಿ ಎಥನಾಲ್ ಮೊದಲು ತಿನ್ನುವುದು ಜೆಟ್ಟನ್ನಲ್ಲ, ಪೈಪು ಮತ್ತು ಓ ರಿಂಗನ್ನು.

"ಕಾರವಾರಕ್ಕ ಇಳದ್ರ ಜೆಟ್ ಬ್ಯಾರೆ ಬೇಕೇನ್ರಿ?" ಎಂದು ಕೇಳುವವರೂ ಇದ್ದಾರೆ. ಬೇಡ. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ ಸುಮಾರು 640 ಮೀಟರ್ ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ಶೇಕಡಾ 6ರಷ್ಟು ತೆಳು. ಮಿಶ್ರಣದ ಮೇಲೆ ಅದರ ಪರಿಣಾಮ ಅರ್ಧಕ್ಕೆ, ಶೇಕಡಾ 3ಕ್ಕೆ ಇಳಿಯುತ್ತದೆ.

ಸೈಲೆನ್ಸರ್ ಬದಲಿಸಿದ ಬುಲೆಟ್‌ಗಳ ಕಾನೂನಿನ ಮಾತು ಬೇರೆ. ಎಂಜಿನ್ನಿನ ಮಾತು ಇಷ್ಟು: ಗಾಳಿ ಸಲೀಸಾಗಿ ಹರಿಯುವುದರಿಂದ ಲೀನ್ ಆಗುತ್ತದೆ, ಸೈಲೆನ್ಸರ್ ಪಟಪಟ ಸಿಡಿಯುತ್ತದೆ, ಎಂಜಿನ್ನಿನ ತಲೆ ಕಾಯುತ್ತದೆ. ಮೇನ್ ಜೆಟ್ ಒಂದೋ ಎರಡೋ ಅಳತೆ ಏರಿಸಬೇಕಾಗಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜೆಟ್ಟನ್ನೂ ಸೂಜಿಯ ಕ್ಲಿಪ್ಪನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತು, ದೋಷ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ನಡುವಿನ ವೇಗದಲ್ಲಿ ಎಳೆತ ಕಡಿಮೆ ಇದ್ದರೆ ಕ್ಲಿಪ್ಪನ್ನು ಒಂದು ತೋಡು ಕೆಳಗೆ ಸರಿಸಿ; ಸೂಜಿ ಮೇಲೆ ನಿಲ್ಲುತ್ತದೆ, ಪೆಟ್ರೋಲು ಹೆಚ್ಚು ಬರುತ್ತದೆ.

ಮೇನ್ ಜೆಟ್ ಪರೀಕ್ಷೆಗೆ ಊರೊಳಗಿನ ರಸ್ತೆ ಬೇಡ. ಅಣ್ಣಿಗೇರಿ ಕಡೆಯ ನೇರ, ಸಪಾಟು ರಸ್ತೆಯಂಥದ್ದು, ವಾಹನ ಕಡಿಮೆ ಇರುವ ಹೊತ್ತು, ಹೆಲ್ಮೆಟ್. ಎಕ್ಸಲರೇಟರ್ ಪೂರ್ತಿ ತೆರೆದು ಓಡುವಾಗ ಸ್ವಲ್ಪವೇ ಹಿಂದಕ್ಕೆ ಬಿಡಿ. ಬಿಟ್ಟಾಗ ಗಾಡಿ ಒಂದು ಕ್ಷಣ ಮುಂದಕ್ಕೆ ಜಗ್ಗಿದರೆ ಲೀನ್, ಜೆಟ್ ಇನ್ನೂ ಚಿಕ್ಕದು. ಪೂರ್ತಿ ತೆರೆದಾಗ ಎಂಜಿನ್ ಭಾರವಾಗಿ ಗೊರಗೊರ ಎಂದು, ಹೊಗೆ ಕಪ್ಪಗಾದರೆ ರಿಚ್. ಸ್ಪಾರ್ಕ್ ಪ್ಲಗ್ ನೋಡುವುದಾದರೆ ಪೂರ್ತಿ ಎಕ್ಸಲರೇಟರಿನಲ್ಲಿ ಕೆಲವು ನೂರು ಮೀಟರ್ ಓಡಿಸಿ, ಕ್ಲಚ್ ಹಿಡಿದ ಕ್ಷಣವೇ ಎಂಜಿನ್ ಬಂದ್ ಮಾಡಿ, ಗಾಡಿ ತಾನೇ ನಿಲ್ಲಲು ಬಿಟ್ಟು ಬಿಚ್ಚಿ. ಸ್ಲೋದಲ್ಲಿ ಓಡಿಸಿಕೊಂಡು ಮನೆಗೆ ತಂದು ನೋಡಿದ ಪ್ಲಗ್ ಮೇನ್ ಜೆಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಣ ಕಪ್ಪು ಮಸಿ ರಿಚ್. ಬೆಳ್ಳಗೆ ಸುಟ್ಟಂತಿದ್ದರೆ ಲೀನ್, ಇದು ಪಿಸ್ಟನ್ನಿಗೆ ಅಪಾಯ. ಎಣ್ಣೆಯಂಟಿದ್ದರೆ ಜೆಟ್ ಬಿಡಿ, ಪಿಸ್ಟನ್ ರಿಂಗ್ ನೋಡಿ.

ಜೆಟ್ಟಿನ ಮೇಲೆ ಸುಮ್ಮನೆ ಅಪವಾದ ಬರುವ ಎರಡು ಸಂಗತಿಗಳಿವೆ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆದರೆ ಸ್ಲೋ ಏರಿಳಿಯುತ್ತದೆ; ಓಡುತ್ತಿರುವಾಗ ಅಲ್ಲಿಗೆ ಸಾಬೂನು ನೀರು ಚಿಮುಕಿಸಿ, ಸದ್ದು ಬದಲಾದರೆ ಕಳ್ಳ ಸಿಕ್ಕ. ಇನ್ನೊಂದು, ಹತ್ತಾರು ಕಿಲೋಮೀಟರ್ ಚೆನ್ನಾಗಿ ಓಡಿ ಪೆಟ್ರೋಲ್ ಮುಗಿದಂತೆ ನಿಂತು, ಸ್ವಲ್ಪ ಹೊತ್ತು ಬಿಟ್ಟು ತಾನೇ ಚಾಲೂ ಆಗುವ ಗಾಡಿ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿ ತೂತು ಮಣ್ಣಿನಿಂದ ಮುಚ್ಚಿದೆ, ಕಾರ್ಬುರೇಟರಿಗೆ ಕೈ ಹಚ್ಚುವ ಅಗತ್ಯವೇ ಇಲ್ಲ.

ಹಾವೇರಿ ಕಡೆ ಗೋವಿನಜೋಳ, ಮೆಣಸಿನಕಾಯಿ ಹೊಲಗಳಲ್ಲಿ ಹಂಗಾಮಿಗೊಮ್ಮೆ ಹೊರಬರುವ ಪೆಟ್ರೋಲ್ ಸ್ಪ್ರೇಯರುಗಳಿಗೂ ಇದೇ ರೋಗ. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲು ಮುಗಿದು ತಾನಾಗಿ ಬಂದ್ ಬೀಳುವವರೆಗೆ ಓಡಿಸಿ. ಬೈಕಾದರೆ ಕಾಕ್ ಬಂದ್ ಮಾಡಿ ಹಾಗೆಯೇ ಓಡಿಸಿ, ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಡ್ರೇನ್ ಸ್ಕ್ರೂ ಬಿಚ್ಚಿ ಇಳಿಸಿ, ಸ್ಕ್ರೂ ವಾಪಸ್ ಬಿಗಿ ಮಾಡಿ.